ಸಿದ್ಧಲಿಂಗೇಶ್ವರನ ಫೋಟೋ ಹಿಂದಿನ ಟಿಕೆಟ್ಟು

ಗುಬ್ಬಿಯ ನಮ್ಮ ಮಾವನ ಮನೆಯಲ್ಲಿ ಎಡೆಯೂರು ಸಿದ್ಧಲಿಂಗೇಶ್ವರನ ಫೋಟೋ ಹಿಂದೆ ಸದಾ ಒಂದು ಲಾಟರಿ ಟಿಕೆಟ್ಟು ಇರುತ್ತಿತ್ತು. ಡ್ರಾ ಆದ ಮರುದಿನ ಬೆಳಿಗ್ಗೆ ಮಾವ ಅದನ್ನು ತೆಗೆದು, ಮೇಲೆ ಉದುರಿದ ವಿಭೂತಿ ಊದಿ, ಪೇಪರಿನ ಫಲಿತಾಂಶದ ಪಕ್ಕ ಇಡುತ್ತಿದ್ದರು. ಓದುತ್ತಿದ್ದದ್ದು ಬಲದಿಂದ ಎಡಕ್ಕೆ. ಕೊನೆಯ ಅಂಕಿ ಕೂಡಿದರೆ ಬೆರಳು ನಿಲ್ಲುತ್ತಿತ್ತು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಮಾವನ ಮುಖವನ್ನೇ ನೋಡುತ್ತಿದ್ದರು.

"ಯಾಕೆ ಮಾವ ದುಡ್ಡು ಕಳೀತೀರಾ?" ಅಂದರೆ, "ಇದೇನು ಮಟ್ಕಾನೇನೋ? ಸರ್ಕಾರದ್ದು ಕಣಪ್ಪ" ಅನ್ನುತ್ತಿದ್ದರು. ಮಾವ ದುಡ್ಡು ಕೊಟ್ಟು ಕೊಂಡದ್ದು ನಂಬರಿಗಿಂತ ಹೆಚ್ಚಾಗಿ ಆ ಸರ್ಕಾರಿ ಮುದ್ರೆಯನ್ನೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮುದ್ರೆಯ ಕಥೆ ಹಳೆಯದು. ಕಲ್ಕತ್ತಾದ ಟೌನ್‌ಹಾಲ್ 1813ರಲ್ಲಿ ಎದ್ದು ನಿಂತದ್ದು ಲಾಟರಿ ಹಣದಿಂದ. 1817ರಲ್ಲಿ ಅಲ್ಲಿ ಲಾಟರಿ ಕಮಿಟಿಯನ್ನೇ ಕಟ್ಟಿ ರಸ್ತೆಗಳನ್ನು ಮಾಡಿಸಿದರು. ತುಮಕೂರಿನ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ನನಗೆ ಇದು ನೆನಪಾಗುತ್ತದೆ, ಹೆಸರಿನ ನೆಂಟಸ್ತನ ಅಷ್ಟೇ. ಸರ್ಕಾರದ ಅಪ್ಪಣೆಯಿಲ್ಲದೆ ಲಾಟರಿ ಕಚೇರಿ ನಡೆಸುವುದು ಅಪರಾಧ ಎಂದು ಬ್ರಿಟಿಷರು 1870ರಲ್ಲಿ ಕಾನೂನು ತಂದರು. ಕೇರಳ 1967ರಲ್ಲಿ ತನ್ನದೇ ಲಾಟರಿ ಶುರುಮಾಡಿತು: ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು. ಟಿಕೆಟ್ಟು ಅಚ್ಚುಹಾಕಿಸಿ ಏಜೆಂಟರಿಗೆ ಕೊಡುವುದು, ಅವರ ಕಮಿಷನ್ನು, ಬಹುಮಾನ, ಖರ್ಚು ಕಳೆದು ಉಳಿದದ್ದು ಖಜಾನೆಗೆ.

ಕುಣಿಗಲ್ಲಿನ ನಮ್ಮ ಚಿಕ್ಕಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ಅದು. "ಕುದುರೆಗಾದರೆ ತಳಿ ನೋಡಬಹುದು, ಕಾಲು ನೋಡಬಹುದು. ಟಿಕೆಟ್ಟಿಗೆ ಏನು ನೋಡ್ತೀರಿ ಭಾವ?" ಅನ್ನುತ್ತಿದ್ದರು. ಸುಪ್ರೀಂ ಕೋರ್ಟ್ ಕೂಡ 1996ರಲ್ಲಿ ಕುದುರೆ ರೇಸಿನಲ್ಲಿ ಕೌಶಲವೇ ಮುಖ್ಯ ಎಂದಿತು. ಹಾಗಂತ ರೇಸಿಗೆ ಹೋದವರ ಮನೆ ಉದ್ಧಾರವಾಯಿತೆಂದು ನಾನು ಹೇಳುತ್ತಿಲ್ಲ.

ನಿಜವಾಗಿ ಮನೆ ಮುರಿದದ್ದು ಸಿಂಗಲ್ ನಂಬರ್ ಲಾಟರಿ. ಒಂದೇ ಅಂಕಿ, ಹತ್ತರಲ್ಲಿ ಒಂದು ಛಾನ್ಸು, ಸಂಜೆಯೊಳಗೆ ಫಲಿತಾಂಶ. ಬೆಳಿಗ್ಗೆಯ ಕೂಲಿ ಸಂಜೆಗೆ ಇರುತ್ತಿರಲಿಲ್ಲ. 1998ರ ಕೇಂದ್ರ ಕಾಯ್ದೆ ಒಂಟಿ ಅಂಕಿಗೆ ಬಹುಮಾನ ಕೊಡಬಾರದು, ಒಂದು ಲಾಟರಿಗೆ ವಾರಕ್ಕೊಂದಕ್ಕಿಂತ ಹೆಚ್ಚು ಡ್ರಾ ಬೇಡ ಎಂದಿತು. ಇನ್ನೊಂದು ಮಾತು ಸುಪ್ರೀಂ ಕೋರ್ಟಿನಿಂದ 1999ರಲ್ಲಿ ಬಂತು: ಬೇರೆ ರಾಜ್ಯದ ಟಿಕೆಟ್ಟು ತಡೆಯಬೇಕೆಂದರೆ ನೀವು ನಿಮ್ಮ ಲಾಟರಿಯನ್ನೂ ನಡೆಸಬಾರದು. ಹಾಗಾಗಿ 2007ರಲ್ಲಿ ಕರ್ನಾಟಕ ಲಾಟರಿಯನ್ನೇ ನಿಷೇಧಿಸಿದಾಗ ನಮ್ಮದೂ ಹೋಯಿತು, ಹೊರಗಿನವೂ ಹೋದವು. ಟಿಕೆಟ್ಟು ಮಾರಿ ಬದುಕುತ್ತಿದ್ದವರಿಗೆ ಕಷ್ಟವಾಯಿತು, ಅದು ನನಗೆ ಗೊತ್ತು. ಆದರೂ ಅದು ಸರಿಯಾದ ಕೆಲಸ. ಅತ್ತೆಯ ಮುಖ ನೋಡಿದವನು ನಾನು.

2024ರಲ್ಲಿ ವಯನಾಡಿನ ಟಿಕೆಟ್ಟಿಗೆ ಮಂಡ್ಯ ಜಿಲ್ಲೆಯವರೊಬ್ಬರು ಕೇರಳದ ಓಣಂ ಬಂಪರಿನ 25 ಕೋಟಿ ಗೆದ್ದರು. ಅವತ್ತು ರಾತ್ರಿಯೇ ಮಾವನ ಫೋನು: "ವಯನಾಡಿಗೆ ಎಷ್ಟೊತ್ತಿಗೆ ಬಸ್ಸಿದೆ?"

ನಾನು ಲೆಕ್ಕ ಹೇಳಿದೆ. ಆರು ಅಂಕಿಯೆಂದರೆ 10 ಲಕ್ಷ ನಂಬರು. ನಮ್ಮ ತುಮಕೂರು ಜಿಲ್ಲೆಯಲ್ಲಿ 2011ರ ಗಣತಿಗೇ 26 ಲಕ್ಷಕ್ಕೂ ಮಿಕ್ಕಿ ಜನ. ಹಸುಗೂಸಿನಿಂದ ಮುದುಕರವರೆಗೆ ತಲೆಗೊಂದು ಟಿಕೆಟ್ಟು ಕೊಟ್ಟರೂ ಆರೂ ಅಂಕಿ ಕೂಡುವುದು ಇಬ್ಬರಿಗೋ ಮೂವರಿಗೋ. ಇಡೀ ಗುಬ್ಬಿ ತಾಲೂಕಿನಲ್ಲಿ ಒಬ್ಬರಿಗೂ ಕೂಡದೆ ಹೋಗಬಹುದು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಆ ಇಬ್ಬರು ಮೂವರೂ ನಮ್ಮಂಥೋರೇ ತಾನೇ?"