ಹೂವಿನ ಊರಿಗೆ ಹೂ ಕಳಿಸುವುದು

ನಮ್ಮೂರಿನ ಹೆಸರಿನಲ್ಲೇ ಹೂವಿದೆ. ಹೂವಿನ ಹಡಗಲಿ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ದೋಣಿಗಳಲ್ಲಿ ಹಂಪಿಗೆ ಹೂ ಹೋಗುತ್ತಿತ್ತು, ಅದಕ್ಕೇ ಈ ಹೆಸರು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಹಾಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇಂಥ ಊರಿಗೆ ಪುಣೆಯಿಂದ ಒಂದು ಬೊಕೆ ಕಳಿಸಲು ಹೊರಟಾಗ ಫೋನಿನ ಪರದೆಯ ಮೇಲೆ ಬಂದ ಉತ್ತರ: ‘ಕ್ಷಮಿಸಿ, ಈ ಪಿನ್‌ಕೋಡಿಗೆ ನಮ್ಮ ಸೇವೆ ಇಲ್ಲ.’

ಇದು ಮೂರು ವರ್ಷದ ಹಿಂದಿನ ಮಾತು. ಅವ್ವನಿಗೆ ಜೂನ್ 1ಕ್ಕೆ 75 ತುಂಬುತ್ತಿತ್ತು. ಅದು ಅವಳು ಹುಟ್ಟಿದ ದಿನವೇನಲ್ಲ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಂಡ ದಿನ. ಆ ಕಾಲದ ಅರ್ಧ ಕರ್ನಾಟಕ ಜೂನ್ 1ಕ್ಕೇ ಹುಟ್ಟಿದೆ. ಆದರೂ ಮುಂದೆ ಅದೇ ತಾರೀಖಿನ ಮೇಲೆ ಅವ್ವ ಟೀಚರ್ ಆದಳು, ಅದೇ ತಾರೀಖಿನ ಮೇಲೆ ನಿವೃತ್ತಿಯಾದಳು, ಪಿಂಚಣಿ ಬರುವುದೂ ಅದರ ಮೇಲೇ. ಹಾಗಾಗಿ ಅದೇ ಖರೆ ಎಂದು ನಾವು ಒಪ್ಪಿಕೊಂಡಿದ್ದೇವೆ. ಆ ವಾರ ನನಗೆ ಊರಿಗೆ ಹೋಗಲು ಆಗುವಂತಿರಲಿಲ್ಲ. ಹೊಸಪೇಟೆಯಲ್ಲಿರುವ ಅಣ್ಣ ಸೀರೆ ತರುತ್ತೇನೆ ಅಂದಿದ್ದ. ನಾನು ಹೂ ಕಳಿಸುತ್ತೇನೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ವಗ ಹೂವಾ?” ಅಂದ.

ಅವನು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಮನೆ ತುಂಬ ಹೆಂಗಸರು ಕೂತು ಅವ್ವನಿಗೆ ಕೊನೆಯ ಸಲ ಹೂ ಮುಡಿಸಿ, ಕೊನೆಯ ಸಲ ತೆಗೆದರು. ಅವತ್ತಿನಿಂದ ಅವಳು ಮುಡಿದಿಲ್ಲ. ಹಿತ್ತಲಲ್ಲಿ ಎರಡು ಮಲ್ಲಿಗೆ ಬಳ್ಳಿ ಇವೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ತತ್ವಾರವಾದರೂ ಅವಕ್ಕೆ ಒಂದೊಂದು ಕೊಡ ಬಿದ್ದೇ ಬೀಳುತ್ತದೆ. ನಸುಕಿನಲ್ಲೇ ಎದ್ದು ಮೊಗ್ಗು ಬಿಡಿಸುತ್ತಾಳೆ, ಕಟ್ಟುತ್ತಾಳೆ, ಒಂದು ತುಂಡು ದೇವರಿಗೆ ಇಟ್ಟು ಉಳಿದದ್ದನ್ನು ಓಣಿಯ ಹುಡುಗಿಯರಿಗೆ ಹಂಚುತ್ತಾಳೆ. ನಾನು ಊರಿಗೆ ಹೋದರೆ ನನ್ನ ಗಿಡ್ಡ ಕೂದಲಿಗೆ ಎರಡು ಮೊಳ ಸಿಕ್ಕಿಸಲು ಹೆಣಗಾಡುತ್ತಾಳೆ. ತಾನು ಮಾತ್ರ ಇಲ್ಲ. ಒಂದು ಸಲ ನಾನು, “ಈಗೆಲ್ಲಾ ಯಾರು ಕೇಳ್ತಾರವ್ವ?” ಅಂದಿದ್ದಕ್ಕೆ, “ಕೇಳಂಗಿಲ್ಲ, ನೋಡ್ತಾರ” ಅಂದಳು. ನೂಲು ಎಳೆಯುತ್ತಿದ್ದ ಕೈ ನಿಲ್ಲಲಿಲ್ಲ.

ಬೊಕೆ ಎಂಬ ಯೋಚನೆ ಬಂದದ್ದು ಇಲ್ಲಿಂದಲೇ. ಮಲ್ಲಿಗೆ, ಕನಕಾಂಬರ, ಕಾಕಡ, ಸೇವಂತಿಗೆ ಎಲ್ಲಕ್ಕೂ ನಮ್ಮಲ್ಲಿ ಒಂದೊಂದು ಜಾಗ ಗೊತ್ತಾಗಿದೆ: ಮುಡಿ, ದೇವರು, ಬಾಗಿಲು, ಹೆಣ. ಬೊಕೆಗೆ ಇನ್ನೂ ಯಾವ ಜಾಗವೂ ಗೊತ್ತಾಗಿಲ್ಲ. ಅದನ್ನು ಮುಡಿಯುವಂತಿಲ್ಲ, ದೇವರಿಗೆ ಏರಿಸುವಂತಿಲ್ಲ. ಶಾಸ್ತ್ರ ಮಾಡಿದವರು ಅದನ್ನು ನೋಡಿರಲೇ ಇಲ್ಲ, ಹಾಗಾಗಿ ಬೇಡ ಅಂದವರೂ ಇಲ್ಲ. ಕೈಯಲ್ಲಿ ಹಿಡಿಯಬೇಕು, ನೀರಲ್ಲಿ ಇಡಬೇಕು, ಅಷ್ಟೇ. ಅಣ್ಣನಿಗೆ ಇದನ್ನು ಹೇಳಿದೆ. ಅವನು ವಕೀಲ. “ವಾದ ಚಲೋ ಐತಿ. ಆದ್ರ ಅವ್ವ ಒಪ್ಪಬೇಕಲ್ಲ” ಅಂದ.

ಅವ್ವ ಒಪ್ಪುವುದಕ್ಕೆ ಮೊದಲು ಹೂ ಊರು ಮುಟ್ಟಬೇಕಿತ್ತು. ಎರಡನೆಯ ಜಾಲತಾಣವೊಂದು ಆರ್ಡರು ತೆಗೆದುಕೊಂಡಿತು, ದುಡ್ಡನ್ನೂ ತೆಗೆದುಕೊಂಡಿತು. ಎರಡು ದಿನ ಬಿಟ್ಟು, ನಿಮ್ಮ ಊರಿನಲ್ಲಿ ನಮ್ಮ ಪಾಲುದಾರರಿಲ್ಲ, ಹಣ ವಾಪಸ್ ಬರುತ್ತದೆ ಎಂಬ ಸಂದೇಶ ಬಂತು. ಈ ವ್ಯಾಪಾರ ನಡೆಯುವುದು ಹೇಗೆ ಎಂದು ಆಗ ವಿಚಾರಿಸಿದೆ. ಅಮೆರಿಕದಲ್ಲಿ 1910ರಲ್ಲಿ 15 ಹೂವಿನಂಗಡಿಯವರು ಕೂಡಿ ತಮ್ಮ ತಮ್ಮಲ್ಲೇ ತಂತಿ ಮೂಲಕ ಆರ್ಡರು ಕಳಿಸಿಕೊಳ್ಳುವ ಒಪ್ಪಂದ ಮಾಡಿಕೊಂಡರಂತೆ. ಹೂ ಊರಿಂದೂರಿಗೆ ಹೋಗುವುದಿಲ್ಲ, ಸುದ್ದಿ ಹೋಗುತ್ತದೆ. ಆ ಊರಿನ ಅಂಗಡಿಯವನು ತನ್ನಲ್ಲಿರುವ ಹೂವನ್ನೇ ಕಟ್ಟಿ ಮನೆಗೆ ಮುಟ್ಟಿಸುತ್ತಾನೆ. ಇವತ್ತಿನ ಆ್ಯಪುಗಳಲ್ಲಿ ಬಹಳಷ್ಟು ಮಾಡುವುದು ಇದನ್ನೇ. ನಾವು ಕೊಟ್ಟ ದುಡ್ಡಿನಲ್ಲಿ ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಸ್ಥಳೀಯ ಅಂಗಡಿಗೆ ದಾಟಿಸುತ್ತವೆ. ಚಿತ್ರದಲ್ಲಿ ಮೂವತ್ತು ಇರುವ ಗುಲಾಬಿ ಮನೆಗೆ ಬಂದಾಗ ಹದಿನೆಂಟು ಆಗಿರುವುದು ಈ ಲೆಕ್ಕದಿಂದ. ಊರಲ್ಲಿ ಅಂಗಡಿಯೇ ಇಲ್ಲದಿದ್ದರೆ ಸರಪಳಿ ಅಲ್ಲಿಗೆ ಕಡಿಯಿತು.

ಅಂಗಡಿ ಇಲ್ಲವೆಂದರೆ ಹೂ ಇಲ್ಲವೆಂದಲ್ಲ. ಹಡಗಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸಂಜೆ ಹೋಗಿ ನೋಡಿ. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳು, ಮೊಳಕ್ಕೆ ಇಷ್ಟು ಎಂಬ ಕೂಗು. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಮಾರಾಟಕ್ಕೆ ಕೂತವಳ ಕೈ ಗಿಡ್ಡವೋ ಉದ್ದವೋ ನೋಡಿ ಬುಟ್ಟಿ ಆರಿಸುವುದನ್ನು ಅವ್ವ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಳು. ಉಡುಪಿ ಕಡೆಯವರದು ಇನ್ನೂ ಬಿಗಿ ಲೆಕ್ಕ. ಶಂಕರಪುರ ಮಲ್ಲಿಗೆ ಅಳೆಯುವುದು ಹೂ ಎಣಿಸಿ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಂಬೈಯಲ್ಲಿರುವ ಓದುಗರಿಗೆ ಇದು ಹೊಸದಲ್ಲ, ಬಾಳೆನಾರಿನಲ್ಲಿ ಕಟ್ಟಿದ ಆ ಮಲ್ಲಿಗೆ ದಿನಾ ಅಲ್ಲಿಗೆ ಬರುತ್ತದೆ. ಊರಿನ ಹೂ ಮಹಾನಗರಕ್ಕೆ ಬರಲು ನೂರು ದಾರಿ ಇವೆ. ಮಹಾನಗರದಲ್ಲಿ ಕೂತು ಊರಿಗೆ ಹೂ ಕಳಿಸುವುದೇ ಕಷ್ಟ.

ಹಾಗಾದರೆ ಹಡಗಲಿ ಮಲ್ಲಿಗೆಯದೇ ಬೊಕೆ ಮಾಡಬಾರದೇ? ಆಗುವುದಿಲ್ಲ. ಮಲ್ಲಿಗೆಗೆ ದಂಟಿಲ್ಲ. ಬೆರಳ ಗೆಣ್ಣಿನಷ್ಟೂ ಉದ್ದವಿಲ್ಲದ ತೊಟ್ಟು, ಅದು ನಿಲ್ಲಬೇಕಾದರೆ ನೂಲೋ ನಾರೋ ಬೇಕು. ನಸುಕಿನಲ್ಲಿ ಮೊಗ್ಗಾಗಿ ಬಿಡಿಸಿದರೆ ಸಂಜೆಗೆ ಅರಳಿ, ರಾತ್ರಿಯೆಲ್ಲ ಘಮಘಮಿಸಿ, ಬೆಳಗಾಗುವಷ್ಟರಲ್ಲಿ ಅದರ ಆಯುಸ್ಸು ಮುಗಿಯಿತು. ಬೊಕೆಯ ಹೂಗಳದು ಬೇರೆ ಜಾತಿ. ಗುಲಾಬಿ, ಜರ್ಬೆರಾ, ಕಾರ್ನೇಷನ್, ಗ್ಲಾಡಿಯೋಲಸ್, ಸುಗಂಧರಾಜ, ಎಲ್ಲಕ್ಕೂ ನೀರು ಹೀರುವ ಉದ್ದ ದಂಟು. ಕೊಯ್ದ ಮೇಲೂ ನಾಲ್ಕು ದಿನ ಬದುಕಿರುವುದು ಆ ದಂಟಿನಿಂದ. ನಮ್ಮದು ನೂಲಿನ ಹೂವು, ಅದು ದಂಟಿನ ಹೂವು.

ಕೊನೆಗೆ ದಾರಿ ತೋರಿಸಿದವಳು ನನ್ನ ಜೊತೆ ಓದಿದ, ಈಗ ಊರಲ್ಲೇ ಟೀಚರ್ ಆಗಿರುವ ಗೆಳತಿ. “ಬೊಕೆ ಬೇಕಂದ್ರ ಹೂವಿನವ್ರನ್ನ ಯಾಕ ಕೇಳ್ತಿ? ಡೆಕೊರೇಷನ್‌ದವನ್ನ ಕೇಳು” ಅಂದಳು. ಸಣ್ಣ ಊರುಗಳಲ್ಲಿ ಬೊಕೆ ಕಟ್ಟುವವನು ಮದುವೆ ಸ್ಟೇಜು, ವರನ ಕಾರು ಸಿಂಗರಿಸುವವನೇ. ಅವನಿಗೆ ಬೊಕೆ ಎಂದರೆ ಮುಖ್ಯ ಅತಿಥಿ. ಶಾಲೆಯ ವಾರ್ಷಿಕೋತ್ಸವ, ಬ್ಯಾಂಕಿನ ಮ್ಯಾನೇಜರ್ ವರ್ಗಾವಣೆ, ಶಾಸಕರು ಗೆದ್ದದ್ದು. 2021ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ಬೊಕೆ, ಶಾಲು ಕೊಡುವುದು ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಪುಸ್ತಕ ಪ್ರೀತಿಸುವವಳಾಗಿ ನನಗೆ ಅವತ್ತು ಖುಷಿಯಾಗಿತ್ತು. ಈ ಡೆಕೊರೇಷನ್ ಹುಡುಗನ ಜೊತೆ ಮಾತಾಡಿದಾಗ ಆ ಆದೇಶದ ಇನ್ನೊಂದು ಬದಿ ಕಂಡಿತು. ಕೊರೋನಾದಲ್ಲಿ ಮದುವೆಗಳೇ ಇರಲಿಲ್ಲ, ಅದು ಮುಗಿಯುತ್ತಿದ್ದ ಹಾಗೆ ಇದು ಬಂತು ಎಂದು ಅವನು ಹೇಳಿದ್ದು ದೂರಿನ ದನಿಯಲ್ಲಲ್ಲ, ಮಳೆ ಬರಲಿಲ್ಲ ಎಂದು ಹೇಳಿದ ಹಾಗೆ.

“ಯಾರಿಗ್ರೀ ಅಕ್ಕಾರ, ಸನ್ಮಾನಾ?” ಎಂದು ಕೇಳಿದ. ಅವ್ವನ ಹುಟ್ಟುಹಬ್ಬಕ್ಕೆ ಅಂದೆ. ಅವ್ವನ ಹೆಸರು ಹೇಳಿದೊಡನೆ, “ಟೀಚರಮ್ಮಾರಿಗ್ರಿ? ನನಗ ಎರಡನೇತ್ತ ಕಲಿಸ್ಯಾರ್ರಿ” ಅಂದ. ಮತ್ತೆ ಸ್ವಲ್ಪ ತಡೆದ. ಅಪ್ಪ ಇಲ್ಲದ್ದು ಅವನಿಗೂ ಗೊತ್ತು. “ಕೆಂಪು ಗುಲಾಬಿ ಬ್ಯಾಡೇನ್ರಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದ. ನಾನು ಮೂರು ವಾರ ತಲೆಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ಅವನು ಬಣ್ಣದ ಪ್ರಶ್ನೆ ಮಾಡಿಬಿಟ್ಟಿದ್ದ. ಕೆಂಪೂ ಇರಲಿ, ಹಳದಿಯೂ ಇರಲಿ ಅಂದೆ. “ಆತ್ರೀ” ಅಂದ. ಆಮೇಲೆ ಶುರುವಾಯಿತು ಅವನ ಪಾಠ. ಹೂ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರಬೇಕು, ಒಂದು ಬೊಕೆಗೆ ತರಿಸಿದರೆ ಗಿಟ್ಟುವುದಿಲ್ಲ, ಪುಣ್ಯಕ್ಕೆ ಆ ದಿನ ಒಂದು ಮದುವೆ ಇದೆ. ಜರ್ಬೆರಾದ ದಂಟು ಟೊಳ್ಳು, ಕತ್ತು ಬಾಗುತ್ತದೆ, ಅದಕ್ಕೇ ಪ್ಲಾಸ್ಟಿಕ್ ಕೊಳವೆ ತೊಡಿಸುವುದು. ಮನೆಗೆ ಹೋದ ಮೇಲೆ ಸುತ್ತಿದ ಕಾಗದ ಬಿಚ್ಚಿ, ದಂಟನ್ನು ಓರೆಯಾಗಿ ಒಂದಿಂಚು ಕತ್ತರಿಸಿ, ನೀರಲ್ಲಿ ಮುಳುಗುವ ಎಲೆ ಕಿತ್ತು ಇಡಬೇಕು. “ಮತ್ತ ಮಾವಿನಹಣ್ಣಿನ ಬುಟ್ಟಿ ಹತ್ರ ಇಡಬ್ಯಾಡಂತ ಹೇಳ್ರಿ. ಹಣ್ಣಿನ ಗಾಳಿಗೆ ಹೂ ಲಗೂನ ಸಾಯ್ತಾವ್ರಿ.” ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ನಂಥ ಹೂ ಬೇಗ ಬಾಡುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೆ. ಜೂನ್ ತಿಂಗಳಲ್ಲಿ ಮಾವಿನಹಣ್ಣು ಇಲ್ಲದ ಮನೆ ಹಡಗಲಿಯಲ್ಲಿ ಯಾವುದಿದೆ?

650 ರೂಪಾಯಿ ಅಂದ. ಮುಟ್ಟಿಸುವುದಕ್ಕೆ ಎಷ್ಟು ಕೇಳಿದರೆ, “ಟೀಚರಮ್ಮಾರ ಮನಿಗೆ ಹೋಗಾಕ ರೊಕ್ಕ ತಗೊಂಡ್ರ ಕಿವಿ ಹಿಂಡ್ತಾರ್ರಿ” ಅಂದು ನಕ್ಕ.

ಜೂನ್ 1ರ ಬೆಳಿಗ್ಗೆ ಎಂಟಕ್ಕೆ ಅವ್ವನ ಫೋನು ಬರಲಿಲ್ಲ. ಒಂಬತ್ತಕ್ಕೂ ಇಲ್ಲ. ಹತ್ತಕ್ಕೆ ನಾನೇ ಮಾಡಿದೆ. ಎದುರು ಮನೆಯವರು, ಪಕ್ಕದ ಮನೆಯ ಮುದುಕಮ್ಮ, ಎಲ್ಲ ಬಂದು ನೋಡಿ ಹೋದರಂತೆ. ಯಾರು ಏನಂದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಅವಳೇ ಹೇಳಿದಳು. ಪಕ್ಕದ ಮುದುಕಮ್ಮ ಬಾಗಿಲಲ್ಲೇ ನಿಂತು ನೋಡಿ, “ಇದನ್ನ ಏನ್ ಮಾಡಬೇಕವ?” ಎಂದು ಕೇಳಿದರಂತೆ. ಅವರೂ ಅವ್ವನ ಹಾಗೆಯೇ, ಇನ್ನೂ ಹಳೆಯವರು, ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡವರು. “ಏನೂ ಮಾಡಬಾರದಂತ, ಸುಮ್ನ ನೋಡಬೇಕಂತ” ಅಂದಳಂತೆ ಅವ್ವ. ಇಬ್ಬರೂ ಕೂತು ಚಹಾ ಕುಡಿಯುತ್ತ ನೋಡಿದರಂತೆ. ಹೋಗುವಾಗ ಆಕೆಯ ಕೈಗೆ ಅವ್ವ ಒಂದು ಹಳದಿ ಗುಲಾಬಿ ಕೊಟ್ಟಳಂತೆ. ಆಕೆ ಬೇಡ ಅನ್ನಲಿಲ್ಲ. ಸೆರಗಿನೊಳಗೆ ಮುಚ್ಚಿಕೊಂಡು ಹೋದರಂತೆ.

ಇಷ್ಟು ಹೇಳಿ ಅವ್ವ, “ಎಷ್ಟು ಕೊಟ್ಟಿ?” ಎಂದು ಕೇಳಿದಳು. ನಾನು ಮುನ್ನೂರು ಅಂದೆ. ನಂಬಲಿಲ್ಲ. ಆ ಹುಡುಗನನ್ನು ಅವಳು ಆಗಲೇ ಕೇಳಿ ಇಟ್ಟುಕೊಂಡಿದ್ದಳು.

ಆರು ದಿನ ಇಟ್ಟಳು, ತಾಮ್ರದ ಚರಿಗೆಯಲ್ಲಿ, ದಿನಾ ನೀರು ಬದಲಿಸಿ. ಬಾಡಿದ್ದನ್ನು ಒಂದೊಂದೇ ತೆಗೆದು ಮಲ್ಲಿಗೆ ಬಳ್ಳಿಯ ಬುಡಕ್ಕೆ ಹಾಕಿದಳು. ಮುಡಿಯುವ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗಲೂ ಮುಡಿಯುವುದಿಲ್ಲ.

ಆದರೆ ಪ್ರತಿ ಜೂನ್ ಒಂದಕ್ಕೆ ಬೊಕೆ ಹೋಗುತ್ತದೆ. ಹುಡುಗನಿಗೆ ಈಗ ನನ್ನಂಥವರು ಇನ್ನೂ ನಾಲ್ಕು ಜನ ಇದ್ದಾರಂತೆ, ಹೈದರಾಬಾದಿನವರೊಬ್ಬರು, ಉಳಿದವರು ಬೆಂಗಳೂರಿನವರು. ಮೂರು ದಿನ ಮುಂಚೆ ಹೇಳಿದರೆ ಸಾಕು, ಮದುವೆ ಇಲ್ಲದಿದ್ದರೂ ತರಿಸುತ್ತೇನೆ ಎನ್ನುತ್ತಾನೆ. ಈ ವರ್ಷ ಮೇ ಕೊನೆಯ ವಾರ ಅವ್ವನೇ ಫೋನು ಮಾಡಿದಳು. ಅದೂ ಇದೂ ಮಾತಾಡಿ, ಇಡುವ ಮೊದಲು, “ಆ ಹುಡುಗಗ ಹೇಳು, ಜರ್ಬೆರಾ ಹಾಕಬ್ಯಾಡಂತ. ಒಂದೀಟೂ ವಾಸನಿ ಇಲ್ಲ ಅದಕ್ಕ. ಸುಗಂಧರಾಜ ನಾಕು ಹೆಚ್ಚಿಗಿ ಹಾಕ್ಲಿ” ಅಂದಳು.