‘ಇನ್ನೂ ಎಷ್ಟು ದಿನ ಅಂತ?’

ಈಗಷ್ಟೇ ಮೊಬೈಲ್ ಅಂಗಡಿಯಲ್ಲಿ ನಮ್ಮ ಬೀದಿಯ ಅಕ್ಕ ಸಿಕ್ಕಿದ್ರು. ಗಂಡನ ನಂಬರಿಗೆ ರೀಚಾರ್ಜ್ ಮಾಡಿಸ್ತಿದ್ರು. ಗಂಡ ತೀರಿಕೊಂಡಿದ್ದು 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ. ‘ನಂಬರ್ ಬೇರೆಯವ್ರ ಪಾಲಾಗ್ಬಾರ್ದು ಕಣಮ್ಮಾ’ ಅಂದ್ರು. ಪಕ್ಕದಲ್ಲಿದ್ದವರೊಬ್ಬರು ‘ಇನ್ನೂ ಎಷ್ಟು ದಿನ ಅಂತ...’ ಅಂತ ರಾಗ ಎಳೆದ್ರು. ನನಗೆ ಕರುಳು ಚುರ್ ಅಂತು.

ಆ ಅಕ್ಕನಿಗೂ ಆಗ ಪಾಸಿಟಿವ್, ಬೇರೆ ವಾರ್ಡಿನಲ್ಲಿದ್ರು. ಕೊನೇ ಸಲ ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. ತಿಥಿಗೆ ನೆಂಟರು ಬರುವ ಹಾಗಿರಲಿಲ್ಲ. ತಬ್ಬಿಕೊಂಡು ಅಳೋಕೆ ಒಂದು ಹೆಗಲೂ ಸಿಗಲಿಲ್ಲ. ಅಂಥ ದುಃಖ ಬೇಗ ಹೇಗೆ ಇಳಿಯುತ್ತೆ?

ದೀರ್ಘಕಾಲದ ಶೋಕವನ್ನು ಈಗ ವೈದ್ಯಲೋಕವೂ ಗುರುತಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಕನಿಷ್ಠ 6 ತಿಂಗಳು ಅನ್ನುತ್ತೆ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ 1 ವರ್ಷ. ಆದರೆ ಬರೀ ದಿನ ಲೆಕ್ಕ ಹಾಕಿ ಕಾಯಿಲೆ ಅನ್ನೋದಿಲ್ಲ. ಹಂಬಲ ಬಿಡದೆ ಕಾಡಿ, ಬದುಕೇ ನಿಂತುಹೋಗಿದೆಯಾ ಅಂತ ನೋಡ್ತಾರೆ. ಹಾಗಾಗಿದ್ರೆ ಆಪ್ತಸಮಾಲೋಚನೆಗೆ ಕರ್ಕೊಂಡು ಹೋಗೋಣ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

‘ಮರೆತುಬಿಡಿ’ ಅನ್ನೋದು ಮಾತ್ರ ಬೇಡ. ಹೋದವರ ಹೆಸರು ಹಿಡಿದು ಮಾತಾಡಿಸಿದ್ರೆ ಉಳಿದವರಿಗೆ ಹಗುರಾಗುತ್ತೆ ಅಂತ ನನಗನಿಸುತ್ತೆ. ನೀವೇನಂತೀರಿ?