ಊರಿನ ಹೆಸರಲ್ಲಿ ಉಳಿದ ಕೆರೆ, ಹಗೇವು, ಹೊಳೆ

"ನಮ್ಮ ಊರಿಗೆ ಈ ಹೆಸರು ಯಾಕೆ ಬಂತು?" ಎಂದು ಮಕ್ಕಳು ಕೇಳಿದರೆ ನೀವೇನು ಹೇಳುತ್ತೀರಿ? ತವರೂರಿನ ಹೆಸರನ್ನು ದಿನಕ್ಕೆ ಹತ್ತು ಬಾರಿ ನೆನೆಯುವ ನಾವು, ಆ ಹೆಸರಿನೊಳಗೆ ಏನಿದೆ ಎಂದು ಯೋಚಿಸುವುದು ಕಡಿಮೆ. ಬನ್ನಿ, ದಾವಣಗೆರೆಯ ಅಂಚಿನ ಶಾಮನೂರಿನಿಂದ ಹರಿಹರದವರೆಗೆ ಹೆಸರುಗಳ ಜೊತೆ ಒಂದು ಪ್ರಯಾಣ ಮಾಡೋಣ.

ಹಿಂದೆ ಶಾಮನೂರು ಬೇರೆಯೇ ಹಳ್ಳಿ. ಈಗ ನಗರ ಎಲ್ಲಿ ಮುಗಿದು ಶಾಮನೂರು ಎಲ್ಲಿ ಆರಂಭವಾಗುತ್ತದೆ ಎಂದು ಹೇಳುವುದೇ ಕಷ್ಟ. ಆದರೆ ಹೆಸರಿನ ಕೊನೆಯಲ್ಲಿ 'ಊರು' ಹಾಗೆಯೇ ನಿಂತಿದೆ. ಶಾಸಕರಾಗಿದ್ದ ಶಾಮನೂರು ಶಿವಶಂಕರಪ್ಪನವರಿಂದಾಗಿ ಈ ಹಳ್ಳಿಯ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ನಮ್ಮ ಮನೆಗಳಲ್ಲೂ ಸಂಬಂಧ ಹುಡುಕುವಾಗ "ಮಲೇಬೆನ್ನೂರಿನವರು", "ಹರಪನಹಳ್ಳಿಯವರು" ಎಂದೇ ಗುರುತಿಸುತ್ತೇವಲ್ಲವೇ?

ದಾವಣಗೆರೆಯನ್ನು 'ದೇವನಗರಿ' ಎನ್ನುವವರಿದ್ದಾರೆ. ಕುದುರೆ, ದನಗಳನ್ನು ಸಾಲಾಗಿ ಕಟ್ಟುವ ದಾವಣಿಯಿಂದ ಈ ಹೆಸರು ಬಂತೆನ್ನುವವರೂ ಇದ್ದಾರೆ. ಕೊನೆಯ 'ಗೆರೆ' ಮಾತ್ರ ಕೆರೆಯೇ. ಪಕ್ಕದ ಆವರಗೆರೆಯಲ್ಲೂ ಅದೇ ಇದೆ. ನೀರಿದ್ದಲ್ಲಿ ಜನ ನೆಲೆಸಿದರು, ಹೆಸರು ಅದಕ್ಕೆ ಸಾಕ್ಷಿಯಾಯಿತು.

ದಾವಣಗೆರೆ ಒಮ್ಮೆ ಬೇತೂರಿಗೆ ಸೇರಿದ ಪುಟ್ಟ ಹಳ್ಳಿಯಾಗಿತ್ತು. 18ನೇ ಶತಮಾನದಲ್ಲಿ ಹೈದರಲಿ ಇದನ್ನು ಅಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ, ಪೇಟೆ ಬೆಳೆಯಿತು. 1997ರಲ್ಲಿ ಅದು ಜಿಲ್ಲಾ ಕೇಂದ್ರವೂ ಆಯಿತು. ತಾಯಿಯಂತಿದ್ದ ಬೇತೂರು ಹಳ್ಳಿಯಾಗಿಯೇ ಉಳಿದು, ನಗರದೊಳಗೆ 'ಬೇತೂರು ರಸ್ತೆ'ಯಾಗಿ ಮಾತ್ರ ಕಾಣಿಸುತ್ತಿದೆ.

ಹಳೇ ಪೇಟೆಯಲ್ಲಿ ನಡೆದು ನೋಡಿ. ಮಂಡಿಪೇಟೆ, ಚೌಕಿಪೇಟೆ, ಹಗೇದಿಬ್ಬ, ಮಂಡಕ್ಕಿ ಭಟ್ಟಿ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಈಗ ಅಲ್ಲಿ ವಾಹನಗಳ ಗದ್ದಲ. ಆದರೂ ಬರಗಾಲಕ್ಕೆಂದು ಕಾಳು ಕೂಡಿಟ್ಟ ಹಿರಿಯರ ಮುಂದಾಲೋಚನೆಯನ್ನು ಹೆಸರು ಹೇಳುತ್ತಲೇ ಇದೆ. ಭಟ್ಟಿಯ ಬಿಸಿಯಲ್ಲಿ ಮಂಡಕ್ಕಿ ಹುರಿಯುವವರ ಬೆವರೂ ಒಂದು ಬಡಾವಣೆಯ ಹೆಸರಾಗಿದೆ.

ಅಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿ ಹರಿಹರ. 1224ರ ಸುಮಾರಿಗೆ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಇಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದನು. ಊರಿನ ಹಳೆಯ ಹೆಸರು ಕೂಡಲೂರು. ಹರಿದ್ರಾ ಹೊಳೆ ತುಂಗಭದ್ರೆಯನ್ನು ಕೂಡುವುದು ಇಲ್ಲೇ. ಹೆಸರು ಬದಲಾದರೂ ಹೊಳೆಗಳು ಕೂಡುವುದನ್ನು ಬಿಟ್ಟಿಲ್ಲ.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಎಂದರೆ ಎತ್ತುಗಳು ಹೊಳೆ ದಾಟುವ ಜಾಗ! ಚಿಪ್ಪಿಂಗ್ ನಾರ್ಟನ್ ಎಂಬ ಊರಿನ 'ಚಿಪ್ಪಿಂಗ್' ಎಂದರೆ ಸಂತೆ. ಅಲ್ಲಿ 1086ರ 'ಡೂಮ್ಸ್‌ಡೇ' ದಾಖಲೆಯಲ್ಲಿ ಸಾವಿರಾರು ಹಳ್ಳಿಗಳ ಹೆಸರು ಬರೆದಿಟ್ಟರು. ಆದ್ದರಿಂದಲೇ ಇಂದಿಗೂ ಹುಡುಕಿ ಅರ್ಥ ಹೇಳಲು ಸಾಧ್ಯವಾಗಿದೆ. ನಮ್ಮಲ್ಲೂ ಶಾಸನಗಳಿವೆ. ಆದರೆ ಓಣಿ, ಬಾವಿ, ಕಟ್ಟೆಗಳ ಹೆಸರುಗಳಲ್ಲಿ ಹೆಚ್ಚಿನವು ಶಾಸನಗಳಲ್ಲಿ ಸಿಗುವುದಿಲ್ಲ. ಅವು ಇರುವುದು ಹಿರಿಯರ ನಾಲಿಗೆಯ ಮೇಲೆ.

ಆ ಹೆಸರುಗಳು ಈಗ ವೇಗವಾಗಿ ಅಳಿಯುತ್ತಿವೆ. ಕೆ.ಟಿ.ಜೆ. ನಗರ ಎನ್ನುವ ಎಷ್ಟು ಮಕ್ಕಳಿಗೆ ಅದು ಕೆ.ಟಿ. ಜಂಬಣ್ಣ ನಗರವೆಂದು ಗೊತ್ತು? ಹೊಸ ಬಡಾವಣೆಗೆ 'ಒಂದನೇ ಮೇನ್, ಎರಡನೇ ಕ್ರಾಸ್' ಎಂದರೆ ಮುಗಿಯಿತು. ಕೆರೆಯ ಹೆಸರು ಮರೆತವರಿಗೆ ಕೆರೆ ಮುಚ್ಚಿದ್ದೂ ಗೊತ್ತಾಗುವುದಿಲ್ಲ.

ಸಹೋದರಿಯರೇ, ಮುಂದಿನ ಬಾರಿ ತವರಿಗೆ ಹೋದಾಗ ಅಜ್ಜಿಯ, ನಾನಿಯ ಪಕ್ಕ ಒಂದು ಗಳಿಗೆ ಕುಳಿತುಕೊಳ್ಳಿ. ನೀರು ತರುತ್ತಿದ್ದ ಬಾವಿ, ಬಟ್ಟೆ ಒಗೆಯುತ್ತಿದ್ದ ಹಳ್ಳ, ಆಡಿ ಬೆಳೆದ ಓಣಿಯ ಹೆಸರುಗಳನ್ನು ಕೇಳಿ. ಮಗಳ ಕೈಯಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಅದಕ್ಕೆ ಖರ್ಚೇನೂ ಇಲ್ಲ. ಆದರೆ ಅಜ್ಜಿಯ ನಂತರ ಅದನ್ನು ಹೇಳಬಲ್ಲವರು ಯಾರೂ ಇಲ್ಲದಿರಬಹುದು.